ಸುಣ್ಣದ ಉಗುರಿನ ಮೇಸ್ತ್ರಿ

ಅವರ ಹತ್ತು ಉಗುರುಗಳಲ್ಲಿ ಒಂಬತ್ತು ಕಪ್ಪು, ಒಂದು ಬಿಳಿ. ನಾನು ಡಾಕ್ಟರು, ಎದುರಿಗೆ ಬಂದವರ ಮುಖ ನೋಡುವ ಮೊದಲು ಉಗುರು ನೋಡುವುದು ನನ್ನ ಚಟ. ಮೈಯಲ್ಲಿ ರಕ್ತ ಎಷ್ಟಿದೆ ಎಂಬುದು ಅಲ್ಲೇ ತಿಳಿದುಬಿಡುತ್ತದೆ. ಮೇಸ್ತ್ರಿಯವರ ಉಗುರು ನೋಡಿ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಒಂಬತ್ತರ ಸಂದಿಯಲ್ಲಿ ಗ್ರೀಸು, ಮಸಿ, ಸುಟ್ಟ ಎಣ್ಣೆ ಖಾಯಂ ಮನೆ ಮಾಡಿದ್ದವು. ಬಲಗೈ ತೋರುಬೆರಳಿನದು ಮಾತ್ರ ಅಚ್ಚ ಬಿಳುಪು. ಅದು ವೀಳ್ಯದೆಲೆಗೆ ಸುಣ್ಣ ಹಚ್ಚುವ ಬೆರಳು.

ಆ ಸುಣ್ಣ ಅವರ ಬಾಯಿಗೆ ಹೋಗುತ್ತಿದ್ದುದಕ್ಕಿಂತ ಎಂಜಿನ್ನಿಗೆ ಹೋಗುತ್ತಿದ್ದುದೇ ಹೆಚ್ಚು. ಏನನ್ನಾದರೂ ಬಿಚ್ಚುವ ಮೊದಲು ಅವರು ಡಬ್ಬಿ ತೆಗೆದು, ಆ ಬೆರಳಿನ ತುದಿಯಿಂದ ಇಲ್ಲೊಂದು ಚುಕ್ಕೆ, ಅದಕ್ಕೆ ತಾಗಿದ ಭಾಗದ ಮೇಲೆ ಇನ್ನೊಂದು ಚುಕ್ಕೆ ಇಡುತ್ತಿದ್ದರು. ಮತ್ತೆ ಜೋಡಿಸುವಾಗ ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಆಯಿತು. "ಇದ್ದಂಗೇ ಕೂರಿಸಿದ್ರೆ ಇದ್ದಂಗೇ ಓಡ್ತದೆ ಕಣಮ್ಮ" ಎನ್ನುವುದು ಅವರ ಮಾತು. ಅದನ್ನು ಅವರು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಇರುತ್ತಿರಲಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾನು ಆಗಷ್ಟೇ ಹುಣಸೂರಿನಲ್ಲಿ ಸಣ್ಣದೊಂದು ಷಾಪು ತೆರೆದಿದ್ದೆ. ಡಾಕ್ಟರ ಷಾಪು ಎಂದರೆ ಆಗ ಎಲ್ಲರಿಗೂ ಅರ್ಥವಾಗುತ್ತಿತ್ತು. ನಮ್ಮಪ್ಪ ಕೃಷ್ಣರಾಜನಗರದಲ್ಲಿ ಬತ್ತದ ವ್ಯಾಪಾರಿ. ಮಗಳು ಮದುವೆ ಬೇಡ ಎಂದಾಗ ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ, "ಅಂಗಾದ್ರೆ ಇನ್ನೇನು ಬೇಕು ನಿಂಗೆ?" ಎಂದರು. ಕಾರು ಬೇಕು ಎಂದೆ. ಊರು ಬಿಟ್ಟು ತಮ್ಮ ದೇಶಕ್ಕೆ ಹೊರಟಿದ್ದ ಕೊಡಗಿನ ಕಾಫಿತೋಟದ ದೊರೆಯೊಬ್ಬರಿಂದ ಒಂದು ಹಳೆಯ ಹಸಿರು ಕಾರು ಬಂತು. ಯುದ್ಧಕ್ಕೂ ಮುಂಚಿನದು, ಬೇಬಿ ಕಾರು. ಅದರಲ್ಲಿ ನಾನು ಸರಗೂರು, ಕೋಟೆ, ಪಿರಿಯಾಪಟ್ಟಣ, ಚುಂಚನಕಟ್ಟೆ ಎಂದು ಹೆರಿಗೆಗಳ ಹಿಂದೆ ಅಲೆಯುತ್ತಿದ್ದೆ. ಸೀರೆ ಉಟ್ಟವಳು ಕಾರು ಓಡಿಸುವುದನ್ನು ನೋಡಲು ಜನ ಹೊಲದ ಬದುವಿಗೆ ಓಡಿಬಂದು ನಿಲ್ಲುತ್ತಿದ್ದರು. ಕೆಟ್ಟು ನಿಂತರೆ ತಳ್ಳುವುದಕ್ಕೂ ಅವರೇ ಒದಗುತ್ತಿದ್ದರಾದ್ದರಿಂದ ನಾನು ಬೇಸರಿಸಿಕೊಳ್ಳಲಿಲ್ಲ.

ಮೇಸ್ತ್ರಿಯವರ ಕೊಟ್ಟಿಗೆ ಮಡಿಕೇರಿ ರಸ್ತೆಯಲ್ಲಿ, ಹೊಳೆಯ ಸೇತುವೆಗೆ ಇತ್ತಲಾಗಿ. ನಿಜವಾಗಿಯೂ ಅದು ಕೊಟ್ಟಿಗೆಯೇ: ತಗಡಿನ ಮಾಡು, ಮಣ್ಣಿನ ನೆಲ, ಹಿಂಬದಿಯಲ್ಲಿ ಗೋಣಿತಟ್ಟಿನ ಒಂದು ಪರದೆ. ಪರದೆಯ ಆಚೆ ಅವರ ಮನೆ. ಊರವರು ಅವರನ್ನು ಸಾಬರು ಎನ್ನುತ್ತಿದ್ದರು, ನಾನು ಮೇಸ್ತ್ರಿ ಎನ್ನುತ್ತಿದ್ದೆ. ತೆಳ್ಳಗೆ, ಎತ್ತರ, ನೆರೆತ ಗಡ್ಡ, ಮಾತಿಗಿಂತ ನಗು ಜಾಸ್ತಿ. ಗಿರಾಕಿ ಬಂದರೆ ಮೊದಲು ತೋಳು ಹಿಡಿದು ಹೊರಗಡೆ ಕರೆತರುವರು. "ಬೆಳಕಿಗೆ ಬನ್ನಿ ಅಮ್ಮ, ಅಲ್ಲಿ ಕತ್ಲು" ಎನ್ನುವರು. ಎಂಥ ಮರ್ಯಾದಸ್ಥ ಎಂದುಕೊಳ್ಳುತ್ತಿದ್ದೆ.

ಅವರ ಮರ್ಯಾದೆಯನ್ನೆಲ್ಲ ಸರಿದೂಗಿಸುವಂತೆ ಪರದೆಯ ಹಿಂದೆ ಅವರ ಹೆಂಡತಿ ಇದ್ದರು. ನಾನು ಅವರನ್ನು ಬೀಬಿ ಎಂದು ಕರೆಯುತ್ತಿದ್ದೆ. ಅವರು ಹೊರಗೆ ಬರುತ್ತಿರಲಿಲ್ಲ, ಆದರೆ ದನಿ ಬರುತ್ತಿತ್ತು. ಆ ದನಿ ಹೊಳೆಯ ಆಚೆ ದಡಕ್ಕೆ ಕೇಳಿಸುವಂಥದು. ಗಿರಾಕಿ ಒಂದು ಮಾತು ಹೇಳಿದರೆ ಸಾಕು, "ಏನಂತ್ರೀ? ಬಿರೇಕು ಹಿಡೀತಿಲ್ವಂತಾ? ಎಡದ ಗಾಲೀದಾ?" ಎಂದು ಒಳಗಿನಿಂದ ಅದೇ ಮಾತು ಇನ್ನೊಮ್ಮೆ ಸಿಡಿಯುತ್ತಿತ್ತು. ಮೇಸ್ತ್ರಿಯವರು ತಕ್ಷಣ ಪರದೆಯ ಕಡೆ ಕತ್ತು ತಿರುಗಿಸಿ, ಆಮೇಲೆ ಗಿರಾಕಿಗೆ ಉತ್ತರ ಕೊಡುತ್ತಿದ್ದರು. ಹೆಂಡತಿಯ ಅಪ್ಪಣೆಯಿಲ್ಲದೆ ಸಾಬರು ಒಂದು ನಟ್ಟೂ ತಿರುಗಿಸುವುದಿಲ್ಲ ಎಂದು ಊರೆಲ್ಲ ನಗೆಯಾಡುತ್ತಿತ್ತು. ನಾನೂ ನಕ್ಕಿದ್ದೇನೆ. "ಏನು ಮೇಸ್ತ್ರಿ, ಪರ್ಮಿಷನ್ ಸಿಕ್ತಾ?" ಎಂದು ಕೇಳಿದರೆ ಅವರು ಗಡ್ಡ ನೀವಿಕೊಂಡು, "ಮನೇಲಿ ಒಬ್ರಾದ್ರೂ ಜೋರಾಗಿರ್ಬೇಕಲ್ಲ ಅಮ್ಮ" ಎನ್ನುತ್ತಿದ್ದರು.

ನನ್ನ ಕಸುಬನ್ನೂ ಅವರ ಕಸುಬನ್ನೂ ಅವರು ಒಂದೇ ತಕ್ಕಡಿಯಲ್ಲಿಡುತ್ತಿದ್ದರು. "ನಿಮ್ಮ ಪೇಶಂಟು ಅಳ್ತದೆ, ನಮ್ದು ಹೊಗೆ ಬುಡ್ತದೆ. ಅಷ್ಟೇ ಯತ್ವಾಸ" ಎನ್ನುವರು. ಎಂಜಿನ್ನು ತಣ್ಣಗಾಗುವವರೆಗೆ ಬಾನೆಟ್ಟು ಎತ್ತುತ್ತಿರಲಿಲ್ಲ. ಅವಸರ ಮಾಡಿದರೆ, "ಜ್ವರ ಇಳೀಲಿ ತಡೀರಿ" ಎಂದು ನನ್ನದೇ ಮಾತನ್ನು ನನಗೇ ಹಿಂದಿರುಗಿಸುವರು. ನಾನು ಸ್ವಭಾವದಿಂದ ಅವಸರದವಳು. ಅವರ ಮುಂದೆ ನಿಂತಾಗ ಮಾತ್ರ ಅವಸರ ತಾನಾಗಿ ಇಳಿಯುತ್ತಿತ್ತು. ಷಾಪಿನಲ್ಲಿ ಕೂತು ಕೂತು ತಲೆ ಕೆಟ್ಟ ದಿನ, ಕಾರಿಗೆ ಏನೂ ಆಗಿರದಿದ್ದರೂ ಅಲ್ಲಿಗೆ ಹೋಗಿ ಒಂದು ಲೋಟ ಟೀ ಕುಡಿದು ಬರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಪಿರಿಯಾಪಟ್ಟಣದಿಂದ ಬರುವಾಗ ಕಾರು ಕುದಿಯಿತು. ರೇಡಿಯೇಟರಿನ ನೀರು ಎಲ್ಲೋ ಸೋರಿ ಖಾಲಿಯಾಗಿತ್ತು. ನಾನು ಎಂದಿನಂತೆ ಗಮನಿಸಿರಲಿಲ್ಲ. ಎತ್ತು ಕಟ್ಟಿಸಿ ಎಳೆಸಿಕೊಂಡು ಬಂದೆ. ಮೇಸ್ತ್ರಿಯವರು ಬಿಚ್ಚಿ ನೋಡಿ, ಎಂಜಿನ್ನಿನ ತಲೆ, ಅಂದರೆ ಹೆಡ್ಡು, ಬಿಸಿಗೆ ಸೊಟ್ಟಗಾಗಿದೆ ಎಂದರು. ಅದರ ತಳವನ್ನು ಮೈಸೂರಿಗೆ ಕಳಿಸಿ ಮಿಷನ್ನಿನಲ್ಲಿ ಹೆರೆಸಿ ಸಮ ಮಾಡಿಸಬೇಕು. ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಸೊಟ್ಟ ಬಹಳವಿದ್ದುದರಿಂದ ಹೆರೆದದ್ದೂ ಬಹಳವೇ ಆಯಿತು. ಹಿಂದೆ ದೊರೆಯ ಕಾಲದಲ್ಲಿ ಒಮ್ಮೆ ಹೆರೆಸಿದ್ದರಂತೆ, ಅದೂ ಇದರ ಜೊತೆ ಸೇರಿತು. ತಿರುಗಿ ಬಂದ ಹೆಡ್ಡಿನ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿಯವರು ಅದನ್ನು ಕೂರಿಸಿ, ಚೈನು ಏರಿಸಿ, ಸುಣ್ಣದ ಚುಕ್ಕೆಗೆ ಚುಕ್ಕೆ ಸೇರಿಸಿ, ಎಂಜಿನ್ನು ಚಾಲೂ ಮಾಡಿ, ಅದರ ಮೇಲೆ ಅಂಗೈ ಇಟ್ಟು, "ಫಸ್ಟ್‌ಕ್ಲಾಸು" ಎಂದರು.

ಫಸ್ಟ್‌ಕ್ಲಾಸೇನೂ ಆಗಿರಲಿಲ್ಲ. ಕಾರು ಓಡುತ್ತಿತ್ತು, ಆದರೆ ಅದರಲ್ಲಿ ಜೀವವಿರಲಿಲ್ಲ. ಸಣ್ಣ ದಿಣ್ಣೆ ಬಂದರೂ ಮೊದಲನೆಯ ಗೇರಿಗೆ ಇಳಿಯಬೇಕು. ಮೊದಲು ಟಕಟಕ ಎಂದು ಹೊಲಿಗೆಯ ಮಿಷನ್ನಿನಂತೆ ಕೇಳಿಸುತ್ತಿದ್ದ ಸದ್ದು ಈಗ ಉಬ್ಬಸದವರ ಉಸಿರಾಗಿತ್ತು. ತಿರುಗಿ ತೆಗೆದುಕೊಂಡು ಹೋದೆ. ಮೇಸ್ತ್ರಿಯವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಆಲಿಸಿದರು. ಚುಕ್ಕೆಗಳನ್ನು ಮತ್ತೆ ನೋಡಿದರು. "ಎಲ್ಲಾ ಇದ್ದಂಗೇ ಐತಲ್ಲಮ್ಮ" ಎಂದರು. ವಾರದಲ್ಲೇ ಮತ್ತೆ ಹೋದೆ. ಮತ್ತೆ ಅದೇ ಮಾತು. ವಿಚಿತ್ರವೆಂದರೆ ಆ ಎರಡು ಸಲವೂ ಪರದೆಯ ಹಿಂದಿನ ದನಿ ಹೊರಡಲೇ ಇಲ್ಲ.

ಅದೇ ದಿನಗಳಲ್ಲಿ ನಮ್ಮೂರಿನ ಬಸ್ಸಿನ ಯಜಮಾನರು ಒಂದು ಯೋಚನೆಯಲ್ಲಿದ್ದರು. ಹುಣಸೂರು, ಕೋಟೆ, ಸರಗೂರಿನ ನಡುವೆ ಅವರ ಮೂರು ಬಸ್ಸು ಓಡುತ್ತಿದ್ದವು. ನಮ್ಮಪ್ಪನ ವಯಸ್ಸು, ಹಣೆ ತುಂಬ ವಿಭೂತಿ, ಬಾಯಿ ಪೂರ್ತಿ ಮುಚ್ಚುವ ಮೀಸೆ. ಬಸ್ಸುಗಳ ಉಸ್ತುವಾರಿಯನ್ನೆಲ್ಲ ಒಬ್ಬರಿಗೇ ವಹಿಸಬೇಕೆಂದು ಅವರ ಮನಸ್ಸು. ಕೊಡುವುದಾದರೆ ಮೇಸ್ತ್ರಿಗೆ, ಇಲ್ಲವಾದರೆ ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು, ಲೈಟು ಎಲ್ಲ ಹಾಕಿ ಹೊಸದಾಗಿ ತೆರೆದಿದ್ದ ವರ್ಕ್‌ಷಾಪಿಗೆ. ಅದು ತೆರೆದ ಮೇಲೆ ಮೇಸ್ತ್ರಿಯವರ ಕೊಟ್ಟಿಗೆಗೆ ಗಾಡಿ ಬರುವುದೇ ಅಪರೂಪವಾಗಿತ್ತು. ಬಸ್ಸುಗಳು ಬಂದರೆ ಕೊಟ್ಟಿಗೆ ಉಳಿಯುತ್ತದೆ, ಬರದಿದ್ದರೆ ಮುಚ್ಚುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು.

ಯಜಮಾನರು ರಕ್ತದೊತ್ತಡ ತೋರಿಸಲು ನನ್ನ ಷಾಪಿಗೆ ಬಂದವರು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡೇ ಕೇಳಿದರು: "ನಿನ್ ಕಾರು ಎಲ್ಡು ಸತಿ ವಾಪಸ್ ಓಯ್ತಂತಲ್ಲವ್ವಾ? ಸಾಬ್ರ ಕೈ ಕೆಟ್ಟೋಯ್ತಾ ಏನ್ ಕತೆ?"

"ಬೇಬಿ ಕಾರು ಯಜಮಾನ್ರೇ, ರಗಳೆ ಜಾಸ್ತಿ. ಸರಿ ಹೋಗುತ್ತೆ" ಎಂದೆ.

"ಸರಿ ಓದ್ಮೇಲೆ ಏಳು. ಕೋಟೆವರ್ಗೂ ನಾನೂ ಕುಂತ್ಕಂಡು ಬತ್ತೀನಿ. ಸಾಬ್ರೂ ಬರ್ಲಿ. ಕಣ್ಣಾರೆ ನೋಡ್ಬುಟ್ಟು ಬಸ್ಸಿನ್ ಮಾತಾಡವ."

ನಾನು ನೇರವಾಗಿ ಕೊಟ್ಟಿಗೆಗೆ ಹೋದೆ. ಮಧ್ಯಾಹ್ನದ ಹೊತ್ತು, ಬೇರೆ ಯಾರೂ ಇಲ್ಲ. ಮೇಸ್ತ್ರಿಯವರು ನನಗೆ ಬೆನ್ನು ಹಾಕಿ ಕೂತು ಯಾವುದೋ ಬೋಲ್ಟನ್ನು ಒರೆಸುತ್ತಿದ್ದರು. "ಮೇಸ್ತ್ರಿ" ಎಂದೆ. ತಿರುಗಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆ. ಇನ್ನೂ ಎರಡು ಹೆಜ್ಜೆ ಹತ್ತಿರ ಹೋಗಿ ಜೋರಾಗಿ ಕರೆದೆ. ಅವರು ಬೋಲ್ಟು ಒರೆಸುತ್ತಲೇ ಇದ್ದರು. ಕಿವಿ ಕೇಳುತ್ತದೆಯೋ ಇಲ್ಲವೋ ಎಂದು ಎಷ್ಟೋ ಮಕ್ಕಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದವಳು ನಾನು. ಆ ಕ್ಷಣದಲ್ಲಿ ನನಗೆ ಕೈ ಎತ್ತಲು ಮನಸ್ಸಾಗಲಿಲ್ಲ, ತಟ್ಟುವ ಅಗತ್ಯವೂ ಇರಲಿಲ್ಲ. ಬೆಳಕಿಗೆ ಬನ್ನಿ ಎನ್ನುತ್ತಿದ್ದುದು, ಮಾತುಮಾತಿಗೂ ಪರದೆಯ ಕಡೆ ತಿರುಗುತ್ತಿದ್ದುದು, ಒಳಗಿನ ಆ ಗಂಟಲು, ಎಲ್ಲ ಒಟ್ಟಿಗೆ ಅರ್ಥವಾಗಿ ನಿಂತಲ್ಲೇ ನಿಂತೆ.

ಪರದೆ ಸರಿಯಿತು. ಬೀಬಿ ನನ್ನನ್ನು ಕೈಸನ್ನೆ ಮಾಡಿ ಒಳಗೆ ಕರೆದರು. ಪರದೆಯ ನಡುವೆ ಅಂಗೈಯಗಲದ ಸೀಳಿತ್ತು. ಅವರು ದಿನವೆಲ್ಲ ಕೂರುತ್ತಿದ್ದ ಮಣೆ ಅದಕ್ಕೆ ಸರಿಯಾಗಿ ಇತ್ತು. ಅಲ್ಲಿಂದ ಮೇಸ್ತ್ರಿಗೆ ಅವರ ತುಟಿ ಕಾಣಬೇಕು, ಗಿರಾಕಿಗೆ ಕಾಣಬಾರದು.

"ಎಲ್ಡು ವರ್ಷ ಆಯ್ತು ಕಣಮ್ಮ, ಪೂರಾ ಕೇಳ್ಸಲ್ಲ" ಎಂದರು. "ನಿಮ್ ತುಟಿ, ನನ್ ತುಟಿ ತಿಳೀತದೆ. ಗಂಡಸ್ರ ಮಾತು ಮೀಸೆ ಒಳಗೇ ಉಳ್ಕೊಂಬುಡ್ತದಂತೆ. ಅದಕ್ಕೇ ಅವ್ರಿಗೆ ಕಾಣಂಗೆ ನಾನು ಬಾಯಿ ಅಗಲ್ಸಿ ಅರಚ್ತೀನಿ. ಜನ ಏನಾದ್ರೂ ಅನ್ಲಿ. ಮನುಷ್ಯರ ಮಾತಾದ್ರೆ ಅರಚಬೋದು. ಇಂಜಿನ್ ಮಾತು ನಾನೆಂಗಮ್ಮ ಅರಚ್ಲಿ?" ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಕೊಟ್ಟಿಗೆ ಮುಚ್ಚಿದರೆ ಅವರಿಗೆ ಬೇರೆ ಗತಿಯಿರಲಿಲ್ಲ. ಆ ಗಂಡಸಿಗೆ ಬೇರೆ ಬದುಕೇ ಇರಲಿಲ್ಲ.

ಮೇಸ್ತ್ರಿಯವರ ಕಿವಿಗಳನ್ನು ಅಂದೇ ಪರೀಕ್ಷೆ ಮಾಡಿದೆ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ನಡುವೆ ಕಬ್ಬಿಣ ಬಡಿದು ಬಡಿದು ಒಳಗಿನ ನರವೇ ಸತ್ತಿತ್ತು. ನನ್ನ ಹತ್ತಿರ ಮದ್ದಿರಲಿಲ್ಲ, ಮೈಸೂರಿನಲ್ಲೂ ಇರಲಿಲ್ಲ. ಎದುರಿಗೆ ಕೂತು, ಬೆಳಕಿಗೆ ಮುಖ ಕೊಟ್ಟು, ಹಾಗೆಂದು ಹೇಳಿದೆ. ಅವರು ನಕ್ಕರು. "ಗೊತ್ತಿತ್ತು ಬುಡಿ ಅಮ್ಮ. ಯಜಮಾನ್ರಿಗೆ ಏಳ್ಬುಡ್ತೀರಾ? ಕಿವಿ ಓದೋನ ಕೈಗೆ ಬಸ್ಸು ಯಾರ್ ಕೊಡ್ತಾರೆ?"

"ನಿಮ್ಮ ಕಿವಿ ನನ್ನ ಪೇಶಂಟು. ಪೇಶಂಟಿನ ವಿಷಯ ನಾನು ಯಾರಿಗೂ ಹೇಳುವುದಿಲ್ಲ" ಎಂದೆ. "ಆದರೆ ನನ್ನ ಕಾರು ಮಾತ್ರ ಸರಿಯಿಲ್ಲ ಮೇಸ್ತ್ರಿ. ನನ್ನ ಕಿವಿ ಹೇಳುತ್ತಿದೆ."

ಅವರು ಬಹಳ ಹೊತ್ತು ನನ್ನ ತುಟಿಯನ್ನೇ ನೋಡಿದರು. ಆಮೇಲೆ, "ಎಂಗೈತೆ ಸದ್ದು? ನಿಮ್ ಪೇಶಂಟಿನ ಭಾಷೇಲೇ ಏಳಿ" ಎಂದರು. ಉಬ್ಬಸ ಎಂದೆ. ಉಸಿರು ಎಳೆದುಕೊಳ್ಳುವುದು ತಡ, ಬಿಡುವುದೂ ತಡ, ಎದೆ ತುಂಬುವುದೇ ಇಲ್ಲ. "ತಡ" ಎಂದು ಅವರು ಮೆಲ್ಲಗೆ ಅಂದರು. ಎದ್ದು ಬೀಬಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಬಳೆಯಂತೆ ಗಂಟು ಹಾಕಿ, ಎರಡು ಹೆಬ್ಬೆಟ್ಟುಗಳ ನಡುವೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಹಿಡಿದು ಬಿಗಿ ಮಾಡಿದರು. ದಾರದ ಮೇಲೂ ಹೆಬ್ಬೆಟ್ಟುಗಳ ಮೇಲೂ ಸುಣ್ಣದ ಚುಕ್ಕೆ ಇಡಲು ಬೀಬಿಗೆ ಹೇಳಿದರು.

ನಮ್ಮ ಕಡೆ ಓಡುತ್ತಿದ್ದ ಬಹುಪಾಲು ಗಾಡಿಗಳಿಗೆ ಕ್ಯಾಮು, ಅಂದರೆ ಉಸಿರಿನ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವ ದಂಡ, ಎಂಜಿನ್ನಿನ ಹೊಟ್ಟೆಯಲ್ಲಿರುತ್ತದೆ. ನನ್ನ ಬೇಬಿ ಕಾರಿಗೆ ಅದು ತಲೆಯ ಮೇಲಿತ್ತು. ಕೆಳಗಿನ ಚಕ್ರದಿಂದ ಉದ್ದನೆಯ ಚೈನು ಹೋಗಿ ತಲೆಯ ಮೇಲಿನ ಚಕ್ರವನ್ನು ತಿರುಗಿಸಬೇಕು. ಮೇಸ್ತ್ರಿಯವರು ಮೇಲಿನ ಕೈಯನ್ನು ಒಂದು ಕೂದಲಷ್ಟು ಕೆಳಗಿಳಿಸಿದರು. ದಾರದ ಒಂದು ಮಗ್ಗುಲು ಜೋತುಬಿತ್ತು.

"ನೋಡಿ. ಚುಕ್ಕೆ ಎಲ್ಲಾ ಸರ್ಯಾಗೇ ಐತೆ. ಆದ್ರೆ ತಲೆ ಹೆರೆಸಿದ್ವಲ್ಲ, ಮೇಲಿನ ಚಕ್ರ ಕೆಳಕ್ಕೆ ಬಂತು. ಸಡ್ಲ ಆಗಿದ್ದ ಚೈನನ್ನ ಅಲ್ಲಿರೋ ಸ್ಪ್ರಿಂಗು ನುಂಗ್ಕಂತು, ಕಣ್ಣಿಗೆ ಕಾಣ್ಲಿಲ್ಲ. ಈಗ ಕೆಳಗಿಂದ ಎಳುದ್ರೆ ಮೇಲಿಂದು ಒಂಚೂರು ಹಿಂದೆ ಉಳೀತದೆ. ಬಾಗ್ಲು ತೆಗೆಯೋದು ತಡ, ಮುಚ್ಚೋದು ತಡ." ದಾರವನ್ನು ಬೀಬಿಯ ಡಬ್ಬಿಗೆ ಹಾಕುತ್ತಾ, "ಇದ್ದಂಗೇ ಕೂರಿಸ್ದೆ. ಅದೇ ತಪ್ಪಾಗಿದ್ದು" ಎಂದರು. ಹೊಟ್ಟೆಯಲ್ಲಿ ಕ್ಯಾಮಿರುವ ಗಾಡಿಗಳಲ್ಲಿ ಹೆಡ್ಡು ಎಷ್ಟು ಹೆರೆಸಿದರೂ ಈ ತೊಂದರೆಯಿಲ್ಲವಂತೆ. ಹಳೆಯ ಕಿವಿಯಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು ಎಂದು ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದ ಮೇಸ್ತ್ರಿಯವರು ಕೊಟ್ಟಿಗೆಯ ತಟ್ಟಿಬಾಗಿಲು ಎಳೆದುಕೊಂಡರು. ನನ್ನಿಂದ ಬೇಕಾದದ್ದು ಒಂದೇ: ಪುಡಿಮದ್ದು ಕಟ್ಟುವ ತೆಳು ಕಾಗದ. ಅದನ್ನು ಎರಡು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಒಂದು ಸಿಲಿಂಡರಿನ ಎರಡು ವಾಲ್ವುಗಳ ಮೇಲಿನ ಸಂದಿಯಲ್ಲಿ ಒಂದೊಂದನ್ನು ತೂರಿಸಿದರು. ಒಂದು ಹೊಗೆ ಹೊರಗೆ ಹೋಗುವ ಬಾಗಿಲು, ಇನ್ನೊಂದು ಪೆಟ್ರೋಲಿನ ಗಾಳಿ ಒಳಗೆ ಬರುವ ಬಾಗಿಲು. ಬಾಗಿಲು ಮುಚ್ಚಿದ್ದರೆ ಕಾಗದ ಸಲೀಸಾಗಿ ಜಾರುತ್ತದೆ, ತೆರೆದಿದ್ದರೆ ಸಿಕ್ಕಿಕೊಳ್ಳುತ್ತದೆ. ಮುಂದೆ ಕೂತು ಹ್ಯಾಂಡಲನ್ನು ಇಷ್ಟಿಷ್ಟೇ ತಿರುಗಿಸುವ ಕೆಲಸ ಬೀಬಿಯದು. ಪಿಸ್ಟನ್ನು ತುತ್ತತುದಿಗೆ ಬಂದಿದೆಯೇ ಎಂದು ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟ ಕಡ್ಡಿ ನೋಡಿ ಮೇಸ್ತ್ರಿಯವರ ಭುಜ ತಟ್ಟುವ ಕೆಲಸ ನನ್ನದು. ಮೇಸ್ತ್ರಿಯವರು ಎರಡೂ ಕೈಗಳ ಬೆರಳಿನಲ್ಲಿ ಆ ಎರಡು ಕಾಗದದ ತುದಿ ಹಿಡಿದು ಕಣ್ಣು ಮುಚ್ಚಿಕೊಂಡರು. ಹೆರಿಗೆಯ ಹೆಂಗಸಿನ ಹೊಟ್ಟೆಯ ಮೇಲೆ ಕೈಯಿಟ್ಟು ನಾನೂ ಹಾಗೆಯೇ ಕಣ್ಣು ಮುಚ್ಚುತ್ತೇನೆ.

"ಒಬ್ರು ಒರಗೆ ಓಗೋರು, ಒಬ್ರು ಒಳಗೆ ಬರೋರು" ಎಂದರು ಕಣ್ಣು ತೆರೆಯದೆ. "ಇಬ್ರೂ ಹೊಸ್ತಿಲ ಮೇಲೆ ಸಿಕ್ಬೇಕು. ಪಿಸ್ಟನ್ನು ತುದೀಗೆ ಬಂದಾಗ ಎಲ್ಡು ಕಾಗ್ದಾನೂ ಒಂದೇ ಥರ ಇಡ್ದಿರಬೇಕು."

ಹಿಡಿದಿರಲಿಲ್ಲ. ಪಿಸ್ಟನ್ನು ತುದಿಗೆ ಬಂದಾಗ ಹೊರಗೆ ಹೋಗುವ ಬಾಗಿಲಿನ ಕಾಗದ ಬಿಗಿಯಾಗಿತ್ತು, ಒಳಗೆ ಬರುವುದರ ಕಾಗದ ಸಡಿಲವಾಗಿ ಅವರ ಕೈಗೇ ಬಂತು. ಅವರು ಆ ಸಡಿಲ ಕಾಗದವನ್ನು ಎತ್ತಿ ನಮಗೆ ತೋರಿಸಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಹಳೆಯ ನಗು ಕಂಡಿತು.

ಕಂಡುಹಿಡಿದದ್ದು ಅರ್ಧ ಕೆಲಸ. ಚೈನನ್ನು ಒಂದು ಹಲ್ಲು ಮುಂದೆ ಹಾಕಿದರೆ ಅತಿಯಾಗುತ್ತಿತ್ತು, ಹಾಕದಿದ್ದರೆ ಕಡಿಮೆ. ಬೇಕಾದದ್ದು ಅರ್ಧ ಹಲ್ಲು. ಅರ್ಧ ಹಲ್ಲಿಗೆ ಚೈನಿನಲ್ಲಿ ಜಾಗವಿಲ್ಲ. ಮೇಲಿನ ಚಕ್ರವನ್ನು ಅದರ ದಂಡಕ್ಕೆ ಕಟ್ಟಿಹಾಕುವ ಕೀಲು ಒಂದಿರುತ್ತದೆ, ಹುಣಿಸೆಬೀಜದಷ್ಟು ದೊಡ್ಡ ಉಕ್ಕಿನ ತುಂಡು. ಮೇಸ್ತ್ರಿಯವರು ಹಳೆಯ ಸ್ಪ್ರಿಂಗು ಪಟ್ಟಿಯನ್ನು ಕತ್ತರಿಸಿ ಅಂಥದೇ ಇನ್ನೊಂದನ್ನು ಅರದಿಂದ ಉಜ್ಜಿ ಮಾಡಿದರು. ಆದರೆ ನೇರವಾಗಿ ಅಲ್ಲ, ನಡುವೆ ಮೆಟ್ಟಿಲು ಬಿಟ್ಟು. ಕೀಲಿನ ಕೆಳಗಿನ ಅರ್ಧ ದಂಡದಲ್ಲಿ ಕೂರುತ್ತದೆ, ಮೇಲಿನ ಅರ್ಧ ಪಕ್ಕಕ್ಕೆ ಸರಿದು ಚಕ್ರದಲ್ಲಿ ಕೂರುತ್ತದೆ. ಆ ಮೆಟ್ಟಿಲಿನಷ್ಟು ದಂಡ ಮುಂದೆ ಹೋಗುತ್ತದೆ. ಮೊದಲು ಉಜ್ಜಿದ್ದು ಮೆಟ್ಟಿಲು ಹೆಚ್ಚಾಗಿ ಹಾಳಾಯಿತು. ಎರಡನೆಯದಕ್ಕೆ ಸಂಜೆಯಾಯಿತು. ಅದನ್ನು ಕೂರಿಸಿ ಮತ್ತೆ ಕಾಗದ ತೂರಿಸಿದಾಗ ಎರಡೂ ಒಂದೇ ಬಿಗಿಯಲ್ಲಿ ನಿಂತವು. ಅವರು ನನ್ನ ಕೈಗೆ ಕೊಟ್ಟು, "ನೀವೂ ಎಳ್ದು ನೋಡಿ" ಎಂದರು. ಎಳೆದೆ. ನನ್ನ ಬೆರಳುಗಳಿಗೂ ಅದು ತಿಳಿಯಿತು.

ಕೋಟೆಗೆ ಹೊರಟ ದಿನ ಯಜಮಾನರು ನನ್ನ ಪಕ್ಕ ಕೂತರು, ಮೇಸ್ತ್ರಿಯವರು ಹಿಂದಿನ ಸೀಟಿನಲ್ಲಿ. ಹೊರಟ ಮೇಲಷ್ಟೇ ನನಗೆ ಹೊಳೆಯಿತು: ಬೀಬಿ ಜೊತೆಯಲ್ಲಿಲ್ಲ. ಯಜಮಾನರು ಮುಂದೆ ನೋಡುತ್ತಲೇ ಮಾತಾಡುವವರು, ಅದೂ ಆ ಮೀಸೆಯೊಳಗಿನಿಂದ. ಹಿಂದೆ ಕೂತವರಿಗೆ ಕಾಣುವುದು ಬೋಳು ತಲೆ ಮಾತ್ರ. ಕಾರೇನೋ ಹಳೆಯ ಟಕಟಕ ಸದ್ದು ಮಾಡಿಕೊಂಡು ಚೆನ್ನಾಗಿಯೇ ಓಡುತ್ತಿತ್ತು. ದಿಣ್ಣೆ ಬಂತು, ಗೇರು ಬದಲಿಸಲೇ ಇಲ್ಲ, ಹತ್ತಿತು. ಯಜಮಾನರು, "ಬಲೇ!" ಎಂದರು. ಆಮೇಲೆ ನಾನು ಹೆದರಿದ್ದೇ ಆಯಿತು.

"ಸಾಬ್ರೇ, ಮೊದ್ಲು ಯಾಕ್ ಅತ್ತಲಿಲ್ಲ ಇದು? ಏನಾಗಿತ್ತು?"

ಹಿಂದಿನಿಂದ ಉತ್ತರವಿಲ್ಲ. ಯಜಮಾನರ ಹುಬ್ಬು ಮೇಲೇರಿತು. ನಾನು ಎಡಗೈ ಎತ್ತಿ ಮುಂದಿನ ಕನ್ನಡಿಯನ್ನು ನನ್ನ ಬಾಯಿ ಮೇಸ್ತ್ರಿಯವರಿಗೆ ಕಾಣುವಂತೆ ತಿರುಗಿಸಿದೆ. ಬೀಬಿಯನ್ನು ನೆನೆದು, ಗಂಟಲು ಹರಿಯುವಂತೆ ಕೂಗಿದೆ: "ಏನಂತ್ರೀ ಯಜಮಾನ್ರೇ? ಮೊದಲು ಯಾಕೆ ದಿಣ್ಣೆ ಹತ್ತಲಿಲ್ಲ ಅಂತಲಾ? ಏನಾಗಿತ್ತು ಅಂತಲಾ?"

ಕನ್ನಡಿಯಲ್ಲಿ ಮೇಸ್ತ್ರಿಯವರ ಕಣ್ಣು ನನ್ನ ತುಟಿಗೆ ಬಂದು ನಿಂತಿತು. "ತಪ್ಪು ನಂದೇ ಯಜಮಾನ್ರೇ" ಎಂದರು. "ಹೆಡ್ಡು ಹೆರೆಸಿದ್ಮೇಲೆ ಟೈಮಿಂಗು ಹಿಂದಕ್ಕೆ ಓಯ್ತದೆ ಅಂತ ಗ್ಯಾನ ಇಟ್ಕಳ್ಳಿಲ್ಲ. ಹಳೆ ಗುರುತೇ ನಂಬ್ಕಂಡೆ. ಈಗ ಸರಿ ಮಾಡಿವ್ನಿ."

ಕೋಟೆ ಸೇರುವವರೆಗೂ ಅದೇ ನಡೆಯಿತು. ಯಜಮಾನರು ಗೊಣಗುವುದು, ನಾನು ಕನ್ನಡಿಗೆ ಅರಚುವುದು, ಹಿಂದಿನಿಂದ ಉತ್ತರ ಬರುವುದು. ಕಾರಿನಿಂದ ಇಳಿಯುವಾಗ ಯಜಮಾನರು ಕಿವಿಗೆ ಬೆರಳು ಹಾಕಿ ಅಲುಗಾಡಿಸಿಕೊಂಡರು. "ಏನವ್ವಾ ನಿನ್ ಗಂಟ್ಲು! ಸಾಬ್ರ ಮನೇವ್ರ ಸ್ನೇಹ ಜಾಸ್ತಿ ಆಗೈತೆ ನಿಂಗೆ." ಆಮೇಲೆ ಮೇಸ್ತ್ರಿಯವರ ಕಡೆ ತಿರುಗಿ, "ಇಷ್ಟ್ ವರ್ಷ ಬಸ್ಸು ಓಡ್ಸಿವ್ನಿ. ತಪ್ಪು ನಂದು ಅಂದ ಮೇಸ್ತ್ರೀನ ಇವತ್ತೇ ಕಂಡಿದ್ದು. ಸೋಮವಾರದಿಂದ ಬಸ್ಸು ಬತ್ತವೆ" ಎಂದರು.

ಬಸ್ಸುಗಳು ಬಂದವು. ಒಂದು ತಿಂಗಳು ಕಳೆದಿರಬೇಕು, ಯಜಮಾನರು ನನ್ನ ಷಾಪಿಗೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಮೀಸೆ ಪೂರ್ತಿ ಹೋಗಿತ್ತು. ಊರಿನವರೆಲ್ಲ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರಂತೆ. ನಾನೂ ಗಾಬರಿಯಿಂದ ಕೇಳಿದೆ.

"ಯಾರೂ ಇಲ್ಲ ಕಣವ್ವ. ಸೆಕೆ" ಎಂದರು. ಅದು ಆಷಾಢದ ಚಳಿಗಾಳಿಯ ಕಾಲ. ಪಟ್ಟಿ ಕಟ್ಟಿಸಿಕೊಳ್ಳಲು ತೋಳು ಚಾಚಿ ಬೇರೆ ಕಡೆ ನೋಡಿದರು. ಅವರಿಗೆ ಯಾವಾಗ ತಿಳಿಯಿತು, ಕನ್ನಡಿ ತಿರುಗಿಸಿದಾಗಲೋ ಆಮೇಲೋ, ನಾನು ಕೇಳಲಿಲ್ಲ. ಅವರ ಬರಿಯ ಮೇಲ್ದುಟಿಯನ್ನು ನೋಡಿ ನನಗೆ ಅಳು ಬಂದಿತ್ತು, ಪಾದರಸದ ಗೆರೆ ಓದಲಾಗದೆ ಎರಡು ಸಲ ಅಳೆದೆ. ಸಾಯುವವರೆಗೂ ಅವರು ಮತ್ತೆ ಮೀಸೆ ಬೆಳೆಸಲಿಲ್ಲ. ಕೊಟ್ಟಿಗೆಗೆ ಹೋದಾಗಲೆಲ್ಲ ತಾವಾಗಿಯೇ ಬೆಳಕಿಗೆ ಬಂದು ನಿಂತು ಮಾತಾಡುತ್ತಿದ್ದರು.

ಅಂದಿನಿಂದ ಮೇಸ್ತ್ರಿಯವರು ಸ್ಕ್ರೂಡ್ರೈವರನ್ನು ಕಿವಿಗೆ ಇಡುವುದನ್ನು ಬಿಟ್ಟರು. ಕಾಗದ, ಕಡ್ಡಿ, ಬೆರಳು, ಇಷ್ಟರಲ್ಲೇ ಎಲ್ಲ ನೋಡುತ್ತಿದ್ದರು. ತಿಂಗಳಿಗೊಮ್ಮೆ ನನ್ನ ಷಾಪಿನಿಂದ ಪುಡಿ ಕಟ್ಟುವ ಕಾಗದ ಹೋಗುತ್ತಿತ್ತು, ಅಲ್ಲಿಂದ ನನಗೆ ಬೀಬಿ ಮಾಡಿದ ಶ್ಯಾವಿಗೆ ಬರುತ್ತಿತ್ತು. ಸುಣ್ಣದ ಚುಕ್ಕೆ ಇಡುವುದನ್ನು ಮಾತ್ರ ಬಿಡಲಿಲ್ಲ. ಇದ್ದಂಗೇ ಕೂರಿಸುವ ಮಾತನ್ನು ಕೊಂಚ ತಿದ್ದಿಕೊಂಡಿದ್ದರು. "ಇದ್ದಂಗೇ ಕೂರ್ಸಿ, ಆಮ್ಯಾಕೆ ಕೈಯಾಗೆ ಕೇಳ್ಬೇಕು" ಎನ್ನುತ್ತಿದ್ದರು. ಕೈಯಲ್ಲಿ ಕೇಳುವುದು. ಮಗು ಅಡ್ಡ ತಿರುಗಿದೆಯೋ ನೆಟ್ಟಗಿದೆಯೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟಾಗಲೆಲ್ಲ ಆ ಮಾತು ನೆನಪಾಗುತ್ತದೆ. ನಾನು ಅವಸರ ಮಾಡದೆ ಹುಟ್ಟಿಸಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಅವರಿಗೂ ಸೇರಬೇಕಾದವು.

ಆ ದಶಕ ಮುಗಿಯುವ ಹೊತ್ತಿಗೆ ಅವರ ಎದೆ ಸೋತಿತು. ಕೆಲವು ತಿಂಗಳು ಹಾಸಿಗೆಯಲ್ಲೇ ಇದ್ದರು. ನಾನು ದಿನಾ ಹೋಗುತ್ತಿದ್ದೆ. ಬೀಬಿ ಗೋಡೆಗೆ ಒರಗಿ ಕೂತು, "ಉಸ್ರು ಎಂಗೈತೆ ಅಂತ ಕೇಳ್ತಾವ್ರೆ ಡಾಕ್ಟ್ರಮ್ಮ! ರಾತ್ರಿ ನಿದ್ದೆ ಬಂತಾ ಅಂತಾರೆ!" ಎಂದು ನನ್ನ ಮಾತನ್ನೆಲ್ಲ ಮತ್ತೆ ಕೂಗಿ ಹೇಳುತ್ತಿದ್ದರು. ನನ್ನ ತುಟಿ ಅವರಿಗೆ ತಿಳಿಯುತ್ತಿತ್ತು. ಆದರೂ ಬೀಬಿ ಬಿಡುತ್ತಿರಲಿಲ್ಲ, ಅವರೂ ಬೀಬಿಯ ಕಡೆಗೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ನಾಡಿ ಹಿಡಿಯಲು ಕೈ ಎತ್ತಿಕೊಂಡೆ. ಅದು ಯಾರದೋ ಕೈ ಎನಿಸಿತು. ಉಗುರು ಬೆಳೆದಂತೆಲ್ಲ ಕತ್ತರಿಸಿ ಗ್ರೀಸು ಮಸಿ ಎಲ್ಲ ಹೋಗಿ ಹತ್ತು ಉಗುರುಗಳೂ ಬೆಳ್ಳಗಿದ್ದವು. ಯಾವುದು ಸುಣ್ಣದ ಬೆರಳು ಎಂದೇ ತಿಳಿಯದಷ್ಟು ಬಿಳಿ. ಆ ವಾರವೇ ಅವರು ಹೋದರು. ಮೂರು ಬಸ್ಸುಗಳೂ ಆ ದಿನ ಓಡಲಿಲ್ಲ.

ಮಣ್ಣು ಮುಗಿದ ಮೇಲೆ ನಾನು ಮನೆಗೆ ಹೋದೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಬೀಬಿ ಅದೇ ಮಣೆಯ ಮೇಲೆ, ಪರದೆಯ ಸೀಳಿಗೆ ಎದುರಾಗಿ ಕೂತಿದ್ದರು. ಆಚೆ ಖಾಲಿ ಕೊಟ್ಟಿಗೆ. ನಾನು ಪಕ್ಕದಲ್ಲಿ ಕೂತೆ. ಬಹಳ ಹೊತ್ತು ನಾನೂ ಆ ಸೀಳಿನಿಂದ ಆಚೆಯೇ ನೋಡುತ್ತಿದ್ದೆ. ಕೊನೆಗೆ ಅವರ ಕೈ ನನ್ನ ಮೊಣಕೈಯನ್ನು ಮುಟ್ಟಿತು. ಅವರು ನನ್ನ ಕಡೆ ತಿರುಗಿದ್ದರು. ಅಷ್ಟು ಹೊತ್ತಿನಿಂದ ನನ್ನನ್ನು ಏನೋ ಕೇಳುತ್ತಿದ್ದರಂತೆ.

ಊರನ್ನೇ ಎಬ್ಬಿಸುತ್ತಿದ್ದ ಆ ಹೆಂಗಸಿನ ನಿಜವಾದ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಅದು ಎಷ್ಟು ಮೆಲ್ಲಗಿತ್ತೆಂದರೆ, ಟೀ ಕುಡೀತೀರಾ ಅಮ್ಮ ಎನ್ನುತ್ತಿದ್ದಾರೆಂದು ತಿಳಿಯಲು ನಾನು ಅವರ ತುಟಿಯನ್ನು ನೋಡಬೇಕಾಯಿತು.